ಹೊತ್ತು ಮುಳುಗಿದ ಮೇಲಿನ ಬೆಳಕು

ಟಕ್.

ಸ್ವಲ್ಪ ತಡೆದು ಮತ್ತೆ ಟಕ್, ಟಕ್.

ಎಲ್ಲರೂ ಮಲಗಿದ ಮೇಲೆ ಮೌಸಿನ ಸಪ್ಪಳ ಎಷ್ಟು ದೂರ ಹೋಗುತ್ತದೆಂದು ನಾನು ಅದುವರೆಗೆ ಯೋಚಿಸಿರಲಿಲ್ಲ. ಅದರ ಮೇಲೆ ಕರವಸ್ತ್ರ ಹಾಕಿ ಒತ್ತಿದೆ. ಸಪ್ಪಳ ಮಂದವಾಯಿತು, ನಿಲ್ಲಲಿಲ್ಲ. ಲ್ಯಾಪ್‌ಟಾಪಿನ ಬೆಳಕು ಅತ್ತೆಯ ಕೋಣೆಗೆ ಬೀಳಬಾರದೆಂದು ಊಟದ ಮೇಜಿನ ಮೇಲೆ ಹಿಟ್ಟು ನಾದುವ ಅಗಲದ ಪರಾತವನ್ನು ಅಡ್ಡ ನಿಲ್ಲಿಸಿಕೊಂಡಿದ್ದೆ.

ನಾನು ಮಾಡುತ್ತಿದ್ದದ್ದು ಕಳ್ಳತನವಲ್ಲ. ಆದರೆ ಯಾರಾದರೂ ಎದ್ದು ಬಂದು ಕೇಳಿದರೆ ನೇರವಾಗಿ ಹೇಳುವಂಥದ್ದೂ ಅಲ್ಲ. ಖಾನಾಪುರದ ಹೊಳೆಯ ದಂಡೆಯಲ್ಲಿ ಬೆಳಿಗ್ಗೆ ತೆಗೆದ ಫೋಟೋವನ್ನು ಸಂಜೆಯದಾಗಿ ಬದಲಾಯಿಸುತ್ತಿದ್ದೆ.

ನಮ್ಮ ಊರಿನ ಟಿಳಕವಾಡಿ ಬಡಾವಣೆಯಲ್ಲಿ ಶಶಿಧರ ಸರ್ ಅವರ ಸ್ಟುಡಿಯೋ ಇದೆ. ಅದರ ಮಾಳಿಗೆಯಲ್ಲಿ ಅವರು ಭಾನುವಾರ ನಡೆಸುವ ಫೋಟೋಗ್ರಫಿ ತರಗತಿಗೆ ನಾನು ಮಳೆಗಾಲದ ಮೊದಲಿನಿಂದ ಹೋಗುತ್ತಿದ್ದೆ. ಹೋಗಲು ಶುರು ಮಾಡಿದಾಗ ನನ್ನ ಫೋಟೋಗಳಲ್ಲಿ ಕೆರೆಯ ನೀರು ಒಂದು ಬದಿಗೆ ಚೆಲ್ಲಿ ಹೋಗುವಂತೆ ವಾಲಿರುತ್ತಿತ್ತು. ಆಕಾಶ ಸುಟ್ಟು ಬಿಳಿಯಾಗಿರುತ್ತಿತ್ತು. ತಿದ್ದಲು ಕುಳಿತರೆ ಪರದೆಯಲ್ಲಿ ಬಣ್ಣ ಹೆಚ್ಚಿಸುವ ಗೆರೆಯನ್ನು ಕೊನೆಯವರೆಗೆ ಎಳೆಯುತ್ತಿದ್ದೆ. ನಾನು ತಿದ್ದಿದ ಒಂದು ಭತ್ತದ ಗದ್ದೆಯನ್ನು ನೋಡಿ ನನ್ನ ಗಂಡ ವಿಪುಲ, "ಈ ಹೊಲದಾವ ಯೂರಿಯಾ ಭಾಳ ಹಾಕ್ಯಾನ" ಎಂದಿದ್ದರು. ನಾನು ನಗಲಿಲ್ಲ. ಆದರೆ ಅಂದಿನಿಂದ ಹಸಿರನ್ನು ಮುಟ್ಟುವಾಗ ಕೈ ತಡೆದುಕೊಂಡೆ. ತಿಂಗಳು ಕಳೆದಂತೆ ದಿಗಂತ ನೆಟ್ಟಗಾಯಿತು. ಮುಂಭಾಗದಲ್ಲಿ ಒಂದು ಕಲ್ಲೋ ಬೇರೋ ಇಟ್ಟುಕೊಂಡು ದೂರವನ್ನು ತೋರಿಸುವುದು ಬಂತು. ಆಕಾಶ ಸುಡದಂತೆ ಬೆಳಕು ಅಳೆಯುವುದು, ನೆರಳಿನೊಳಗಿನ ಬಣ್ಣವನ್ನು ತಿದ್ದುವಾಗ ಹಗುರವಾಗಿ ಮೇಲೆತ್ತುವುದು, ಎಲ್ಲ ಒಂದೊಂದಾಗಿ ಬಂದವು.

ಬಾರದ್ದು ಸಂಜೆ ಮಾತ್ರ.

ತರಗತಿಯಲ್ಲಿ ಒಬ್ಬರು ನನ್ನನ್ನು, "ಪ್ರಾಚಿ ಮೇಡಮ್ ಅವರದು ಬೆಳಗಿನ ಕಣ್ಣು" ಎಂದು ಹೊಗಳಿದ್ದರು. ಕಣ್ಣಿನ ಮಾತಲ್ಲ ಅದು. ನಮ್ಮದು ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಬಯಲಿನ ಫೋಟೋ ತೆಗೆಯುವವರು ಯಾವ ಬೆಳಕಿಗಾಗಿ ದಿನವಿಡೀ ಕಾಯುತ್ತಾರೋ ಆ ಬೆಳಕಿನಲ್ಲಿ ನಾನು ತಟ್ಟೆಯ ಮುಂದೆ ಇರುತ್ತೇನೆ. ನನ್ನೊಬ್ಬಳದೇ ಆಗಿದ್ದರೆ ಒಂದು ದಿನ ಊಟ ಬಿಡುತ್ತಿದ್ದೆ. ಆದರೆ ನನ್ನ ಅತ್ತೆ ಕಾಂತಾ, ಮನೆಯವರು ಹೊರಗಿರುವಾಗ ತುತ್ತು ಎತ್ತುವವರಲ್ಲ. ಮಾವ ತೀರಿಕೊಂಡ ವರ್ಷ ಕೋಟೆಯ ಬಸದಿಯಲ್ಲಿ ಅವರು ನೇಮ ಹಿಡಿದವರು. ಕತ್ತಲಾದ ಮೇಲೆ ಅನ್ನವಿಲ್ಲ, ಚಾತುರ್ಮಾಸದ ತಿಂಗಳುಗಳಲ್ಲಿ ನೀರೂ ಇಲ್ಲ. ನಾನು ತಡಮಾಡಿದರೆ ಅವರು ಮರುದಿನದ ಬಿಸಿಲಿನವರೆಗೆ ಹಸಿದಿರುತ್ತಾರೆ. ಅವರಿಗೆ ಸಕ್ಕರೆ ಕಾಯಿಲೆ ಬೇರೆ. ಹಿಂದೊಮ್ಮೆ ನಾನು ಬರುವ ಬಸ್ಸು ದಾರಿಯಲ್ಲಿ ಕೆಟ್ಟು, ಅವರು ಹಾಗೇ ಮಲಗಿ, ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ತಲೆ ತಿರುಗಿ ಕುಸಿದಿದ್ದರು. ಅಂದಿನಿಂದ ನಾನು ಆಕಾಶ ಹಳದಿಯಾಗುವ ಮೊದಲೇ ಮನೆಯಲ್ಲಿರುತ್ತೇನೆ.

ವರ್ಷದ ಕೊನೆಯ ಕೆಲಸವಾಗಿ ಶಶಿಧರ ಸರ್ ಕೊಟ್ಟದ್ದು ಒಂದೇ ಜಾಗ, ಮೂರು ಬೆಳಕು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಕ್ಯಾಮೆರಾ ನಿಲ್ಲಿಸುವ ಜಾಗ ಬದಲಾಗಬಾರದು, ಚೌಕಟ್ಟನ್ನು ಕತ್ತರಿಸಬಾರದು, ಇದ್ದದ್ದನ್ನು ಅಳಿಸಬಾರದು, ಇಲ್ಲದ್ದನ್ನು ಸೇರಿಸಬಾರದು. ಕ್ಯಾಮೆರಾದ ಮೂಲ ಫೈಲನ್ನೂ ಕೊಡಬೇಕು. ಪ್ರದರ್ಶನದಲ್ಲಿ ಪ್ರತಿ ಫೋಟೋದ ಕೆಳಗೆ ತೆಗೆದ ಸಮಯ ಬರೆದಿರುತ್ತದೆ. ನಾನು ಆರಿಸಿದ್ದು ಖಾನಾಪುರದಾಚೆ ಮಲಪ್ರಭೆಯ ಒಂದು ತಿರುವು. ಮುಂದೆ ಕಪ್ಪು ಬಂಡೆಗಳು, ಅವುಗಳ ನಡುವೆ ಚಪ್ಪಟೆಯಾದ ಒಂದು ದೊಡ್ಡ ಬಂಡೆ, ಆಚೆ ದಂಡೆಯಲ್ಲಿ ಕೊಯ್ಲಿಗೆ ಬಂದ ಭತ್ತ, ಪಡುವಣದಲ್ಲಿ ಗುಡ್ಡದ ಸಾಲು. ಬೆಳಗಿನದೂ ಮಧ್ಯಾಹ್ನದದೂ ಸಿಕ್ಕಿದ್ದವು. ಸಂಜೆಗಾಗಿ ಎರಡು ಸಲ ಹೋಗಿ, ಎರಡು ಸಲವೂ ಬಿಸಿಲಿರುವಾಗಲೇ ಕ್ಯಾಮೆರಾದ ಸ್ಟ್ಯಾಂಡ್ ಮಡಚಿಕೊಂಡು ಬಂದಿದ್ದೆ. ಸೋಮವಾರ ಕೊಡಬೇಕು. ಅಂದು ಶುಕ್ರವಾರ.

ನನಗೆ ನಲವತ್ತಾಗುತ್ತ ಬಂದಿದೆ. ಎಂ.ಎಸ್ಸಿ. ಅರ್ಧಕ್ಕೆ ನಿಂತಿತು, ಹೊಲಿಗೆ ನಿಂತಿತು, ಶಾಲೆಯ ಕೆಲಸ ಎರಡು ವರ್ಷಕ್ಕೆ ನಿಂತಿತು. ಇದೊಂದನ್ನು ಪೂರ್ತಿ ಮಾಡಿ ಗೋಡೆಗೆ ಹಾಕಬೇಕು. ಮೂರೂ ಫೋಟೋ, ಮೂರೂ ನನ್ನವು.

ಅದಕ್ಕೇ ಮೌಸು ಹಿಡಿದಿದ್ದೆ. ಮೂಲ ಫೈಲು ಕೇಳಿದಾಗ ಏನಾದರೂ ಹೇಳಿದರಾಯಿತು ಎಂದುಕೊಂಡಿದ್ದೆ. ಬೆಳಗಿನ ಚಿತ್ರಕ್ಕೆ ಕಿತ್ತಳೆ ತುಂಬಿದೆ. ಗುಡ್ಡದ ಮೇಲಿನ ಆಕಾಶವನ್ನು ಕೆಂಪಾಗಿಸಿದೆ. ನೀರಿಗೂ ಸ್ವಲ್ಪ ಕೆಂಪು ಕೊಟ್ಟೆ. ಚೆನ್ನಾಗಿಯೇ ಬಂತು. ಹಿಂದೆ ಸರಿದು ನೋಡಿದೆ, ಏನೋ ಸರಿಯಿರಲಿಲ್ಲ. ಬಹಳ ಹೊತ್ತು ನೋಡಿದ ಮೇಲೆ ತಿಳಿಯಿತು. ಬೆಳಿಗ್ಗೆ ಸೂರ್ಯ ನನ್ನ ಬೆನ್ನ ಹಿಂದಿದ್ದ. ಬಂಡೆಗಳ ನೆರಳು ಉದ್ದಕ್ಕೆ ಗುಡ್ಡದ ಕಡೆ ಚಾಚಿತ್ತು. ಈಗ ನಾನು ಸೂರ್ಯನನ್ನು ಗುಡ್ಡದ ಹಿಂದೆ ಇಟ್ಟಿದ್ದೆ. ನನ್ನ ಸಂಜೆಯಲ್ಲಿ ನೆರಳುಗಳು ಸೂರ್ಯನ ಕಡೆಗೇ ಬಿದ್ದಿದ್ದವು.

"ಯಾಕ, ನಿದ್ದಿ ಬರವಲ್ದೇನ?"

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಹಲ್ಲಿ ಲೊಚಗುಡುತ್ತಿದೆ ಎಂದುಕೊಂಡು ಎದ್ದು ಬಂದರಂತೆ. ಪರಾತ ಸರಿಸಿ ಪರದೆ ನೋಡಿದರು. ಇದೇನೆಂದು ಕೇಳಿದರು. ಸುಳ್ಳು ಹೇಳಲು ಬೇಕಾದಷ್ಟು ಮಾತು ನನಗೆ ಬೇಗ ಸಿಗುವುದಿಲ್ಲ. ಇದ್ದದ್ದು ಹೇಳಿದೆ. ಸಂಜೆಯ ಬೆಳಕು ಬೇಕು, ಅದು ಊಟದ ಹೊತ್ತು, ಹೋಗಲಾಗುವುದಿಲ್ಲ, ಅದಕ್ಕೇ ಹೀಗೆ.

ಅತ್ತೆ ಕುರ್ಚಿ ಎಳೆದು ಕುಳಿತರು. ಎಷ್ಟು ಹೊತ್ತಿನ ಕೆಲಸ ಅದು ಎಂದು ಕೇಳಿದರು. ಮುಕ್ಕಾಲು ತಾಸು ಎಂದೆ. ಹೊಳೆಗೆ ಹೋಗಲು ಎಷ್ಟು ಎಂದು ಕೇಳಿದರು. ಅದೂ ಅಷ್ಟೇ ಎಂದೆ.

"ಇಷ್ಟಕ್ಕ ಅರ್ಧಾ ರಾತ್ರಿ ತನ ಕುಂತೀಯೇನ? ಬುತ್ತಿ ಕಟ್ಟಿಕೊಂಡ ಹೋಗೂಣು. ನಾನೂ ಬರ್ತೀನಿ. ಅಲ್ಲೇ ಉಣ್ಣೂಣು, ಹೊತ್ತ ಇರೂದರಾಗ."

"ಗಾಡಿ ಮ್ಯಾಲ ನಿಮಗ ಆಗತೈತೇನ್ರಿ?"

"ನಾ ಖಾನಾಪುರದಾಗ ಬೆಳದಾಕಿ. ನೀ ಹುಟ್ಟೂದಕಿಂತ ಮೊದಲ ಆ ಹೊಳ್ಯಾಗ ಅರಬಿ ಒಗದೀನಿ. ಗಾಡಿ ಮ್ಯಾಲ ಕುಂದರೂದೇನ ದೊಡ್ಡ ಮಾತು?"

ಅಷ್ಟು ಹೇಳಿ ಎದ್ದು ಹೋದರು. ನಾನು ಕೆಂಪು ಆಕಾಶವನ್ನು ಉಳಿಸದೆ ಮುಚ್ಚಿದೆ.

ಶನಿವಾರ ಮಧ್ಯಾಹ್ನವೇ ಚಪಾತಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ ಡಬ್ಬಿಗೆ ಸೇರಿದವು. ಸೋಸಿದ ನೀರಿನ ಬಾಟಲಿ ಬೇರೆ. ವಿಪುಲ ಅಂಗಡಿಯಲ್ಲಿದ್ದರು. ಫೋನು ಮಾಡಿದೆ. ತಮ್ಮ ಊಟ ತಾವೇ ಬಡಿಸಿಕೊಳ್ಳುವುದಾಗಿ ಹೇಳಿದರು. ಅತ್ತೆ ಸ್ಕೂಟರಿನ ಹಿಂದೆ ಸ್ಟ್ಯಾಂಡನ್ನು ಎರಡೂ ಕೈಯಿಂದ ಅಪ್ಪಿ ಹಿಡಿದು ಕುಳಿತರು. ದೇಸೂರು ದಾಟುವವರೆಗೂ ಅದನ್ನು ಮೂರು ಕಾಲಿನ ಕೂಸು ಎಂದು ಕರೆದು ಅದರ ಜೊತೆ ಮಾತಾಡುತ್ತಿದ್ದರು.

ರಸ್ತೆಯ ಕೆಲಸ ನಡೆದಿದ್ದರಿಂದ ಒಂದು ಕಡೆ ಲಾರಿಗಳ ಹಿಂದೆ ನಿಂತೆವು. ನಾನು ನಿಮಿಷಕ್ಕೊಮ್ಮೆ ಕನ್ನಡಿಯಲ್ಲಿ ಅವರ ಮುಖ ನೋಡುತ್ತಿದ್ದೆ, ಎದುರಿಗೆ ಸೂರ್ಯನನ್ನೂ ನೋಡುತ್ತಿದ್ದೆ. ಹೊಳೆ ತಲುಪಿದಾಗ ಸೂರ್ಯ ಗುಡ್ಡದಿಂದ ಇನ್ನೂ ಒಂದು ಗೇಣು ಮೇಲಿದ್ದ. ಸಮಾಧಾನವಾಯಿತು. ಮರದ ಬೇರಿನ ಮೇಲೆ ಅತ್ತೆಯನ್ನು ಕೂರಿಸಿ ಮೊದಲು ಊಟ ಮಾಡಿರಿ ಎಂದೆ. ಅವರು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡರು, ಬಿಚ್ಚಲಿಲ್ಲ.

"ನೀ ಬಾ. ಕೂಡೇ ಉಣ್ಣೂಣು."

ಐದು ನಿಮಿಷ ಎಂದೆ.

ಐದು ನಿಮಿಷದಲ್ಲಿ ಆಗಲಿಲ್ಲ. ಹಿಂದೆ ಬಂದಾಗ ಸ್ಟ್ಯಾಂಡಿನ ಕಾಲುಗಳ ಗುರುತಿಗೆ ನಾನಿಟ್ಟಿದ್ದ ಕಲ್ಲುಗಳನ್ನು ದನಗಳು ಕದಲಿಸಿದ್ದವು. ಬೆಳಗಿನ ಫೋಟೋವನ್ನು ಫೋನಿನಲ್ಲಿ ತೆರೆದು, ಬಂಡೆಯ ಅಂಚು ಗುಡ್ಡದ ತುದಿಯ ಕೆಳಗೆ ಎಲ್ಲಿ ಬರುತ್ತದೆಂದು ಹೊಂದಿಸುತ್ತ, ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಮಾಡಿದೆ. ಎಲ್ಲ ಸರಿಯಾಗುವಷ್ಟರಲ್ಲಿ ಸೂರ್ಯ ನೇರ ಲೆನ್ಸಿನೊಳಗೆ ಹೊಳೆಯುತ್ತಿದ್ದ. ಒಂದು ತೆಗೆದೆ. ಆಕಾಶದ ನಡುವೆ ಬಿಳಿಯ ತೂತು ಬಿದ್ದಂತಿತ್ತು. ಶಶಿಧರ ಸರ್ ತರಗತಿಯಲ್ಲಿ ಹೇಳಿದ್ದರು, ಸೂರ್ಯ ಹೋದ ಕೂಡಲೇ ಮನೆಗೆ ಹೊರಡುವವರು ಅರ್ಧ ಫೋಟೋ ಬಿಟ್ಟು ಹೋಗುತ್ತಾರೆ, ನಿಜವಾದ ಬಣ್ಣ ಆಮೇಲೆ ಬರುತ್ತದೆ ಎಂದು. ನಾನು ಕಾದೆ. ಸೂರ್ಯ ಗುಡ್ಡದ ಹಿಂದೆ ಇಳಿದ. ಆಕಾಶ ಮೊದಲು ಮಂಕಾಯಿತು. ಆಮೇಲೆ, ಯಾರೋ ಒಳಗಿನಿಂದ ದೀಪ ಎತ್ತಿ ಹಿಡಿದಂತೆ, ಮೋಡಗಳ ಹೊಟ್ಟೆ ಕೆಳಗಿನಿಂದ ಕೆಂಪಾಗತೊಡಗಿತು.

ಬೆಳಕು ಕಡಿಮೆಯಾದಂತೆ ಕ್ಯಾಮೆರಾ ಹೆಚ್ಚು ಹೊತ್ತು ಕಣ್ಣು ತೆರೆದಿರಬೇಕು. ಹಾಗೆ ತೆರೆದಿದ್ದಾಗ ಅದು ನಮಗೆ ಕಾಣುವುದಕ್ಕಿಂತ ಹೆಚ್ಚು ಬೆಳಕನ್ನು ಒಳಗೆ ಎಳೆದುಕೊಳ್ಳುತ್ತದೆ. ಹಿಂಬದಿಯ ಪರದೆಯಲ್ಲಿ ಹೊಳೆ ಹಗಲಿನಂತೆಯೇ ಕಾಣುತ್ತಿತ್ತು. ಕಲ್ಲಿನ ಮೇಲಿನ ಪಾಚಿಯೂ ಕಾಣುತ್ತಿತ್ತು. ನಾನು ಆ ಪರದೆಯಿಂದ ಮುಖ ಎತ್ತಲೇ ಇಲ್ಲ.

ಅತ್ತೆ ಯಾವಾಗಲೋ ಎದ್ದು ಹೊಳೆಗೆ ಇಳಿದಿದ್ದರು. ನಡುವಿನ ಚಪ್ಪಟೆ ಬಂಡೆಯ ಮೇಲೆ, ನೀರಿಗೆ ಮುಖ ಮಾಡಿ ಕುಳಿತಿದ್ದು ಪರದೆಯಲ್ಲಿ ಕಂಡಿತು. ಬದಿಗೆ ಸರಿಯಿರಿ ಎಂದು ಕೂಗಬೇಕೆಂದುಕೊಂಡೆ, ಕೂಗಲಿಲ್ಲ. ಅವರು ಅಲ್ಲಿ ಕುಳಿತದ್ದರಿಂದ ಚಿತ್ರ ಒಮ್ಮೆಲೇ ತುಂಬಿಕೊಂಡಿತು. ಅದುವರೆಗೆ ಅದು ಬರೀ ಹೊಳೆಯಾಗಿತ್ತು.

"ಪ್ರಾಚೀ, ಹೊತ್ತ ಐತೇನ ಇನ್ನೂ?"

ಅವರ ಒಂದು ಕಣ್ಣಿನ ಪೊರೆ ತೆಗೆಸಿಯಾಗಿದೆ, ಇನ್ನೊಂದರದು ತೆಗೆಸಬೇಕು. ಗುಡ್ಡ ಅಡ್ಡವಿದ್ದುದರಿಂದ ಸೂರ್ಯ ಮುಳುಗಿದನೋ ಇಲ್ಲವೋ ಅವರಿಗೆ ತಿಳಿಯುವಂತಿರಲಿಲ್ಲ. ಅದಕ್ಕೇ ನನ್ನನ್ನು ಕೇಳಿದರು. ನಾನು ಪರದೆಯನ್ನು ನೋಡುತ್ತಲೇ ಉತ್ತರ ಕೊಟ್ಟೆ.

"ಐತ್ರಿ ಅತ್ತಿ. ನೀವು ಉಣ್ರಿ, ನಾ ಬಂದೆ."

ಡಬ್ಬಿ ತೆರೆದ ಸಪ್ಪಳ ಕೇಳಿತು. ಗುಂಡಿ ಒತ್ತಿದೆ. ಬಣ್ಣ ಏರುತ್ತಿತ್ತು, ಮತ್ತೆ ಒತ್ತಿದೆ. ಹೀಗೆ ಏಳು ಸಲ. ಎಂಟನೆಯದಕ್ಕೆ ಗುಂಡಿ ಹುಡುಕಿದಾಗ ಬೆರಳಿಗೆ ಅದು ಸಿಗಲಿಲ್ಲ. ಕೆಳಗೆ ನೋಡಿದೆ. ಗುಂಡಿ ಕಾಣುತ್ತಿರಲಿಲ್ಲ. ನನ್ನ ಪಾದಗಳೂ ಕಾಣುತ್ತಿರಲಿಲ್ಲ.

ಕಲ್ಲುಗಳ ಮೇಲೆ ಕೈಯೂರಿಕೊಂಡು ಇಳಿದು ಹೋದೆ. ಅತ್ತೆ ಊಟ ಮುಗಿಸಿದ್ದರು. ನನ್ನ ಪಾಲಿನ ಚಪಾತಿಯನ್ನು ಮಡಚಿ ಪಲ್ಯ ಹಚ್ಚಿ ಮುಂದೆ ಹಿಡಿದರು. ಹಸಿವಿಲ್ಲ ಎಂದೆ.

"ಫೋಟೋ ತಿಂದ್ರ ಹೊಟ್ಟಿ ತುಂಬತೈತೇನ?"

ಮಧ್ಯಾಹ್ನ ತಡವಾಗಿ ಉಂಡಿದ್ದೆ ಎಂದೆ. ಅದು ನಿಜ. ಅವರು ಗೊಣಗುತ್ತ ಆ ಚಪಾತಿಯನ್ನು ಡಬ್ಬಿಗೆ ಹಾಕಿ ಮುಚ್ಚಿದರು, ಬಾಯಿ ಮುಕ್ಕಳಿಸಿ ನನ್ನ ತೋಳು ಹಿಡಿದು ದಂಡೆ ಹತ್ತಿದರು. ಅವರನ್ನು ಬೇರಿನ ಮೇಲೆ ಕೂರಿಸಿ ಸ್ಟ್ಯಾಂಡ್ ಬಿಚ್ಚಲು ಹೋದೆ. ಆಕಾಶದಲ್ಲಿ ಕೆಂಪು ಹೋಗಿತ್ತು, ಗುಡ್ಡದ ಅಂಚಿಗೆ ಒಂದು ತೆಳು ಗೆರೆ ಉಳಿದಿತ್ತು. ಬಂಡೆ ಖಾಲಿಯಾಗಿತ್ತು. ಬಿಚ್ಚುವ ಮೊದಲು ಕೈ ತಾನಾಗಿಯೇ ಇನ್ನೊಂದು ಸಲ ಒತ್ತಿತು.

ದಾರಿಯುದ್ದಕ್ಕೂ ದೀಪ ಹಾಕಿಕೊಂಡೇ ಬಂದೆವು. "ಎಷ್ಟ ಲಗೂನ ಕತ್ತಲಾತ ನೋಡ. ಥಂಡಿ ದಿನಾ ಬಂದ್ವು" ಎಂದರು ಅತ್ತೆ. ಹೂಂ ಎಂದೆ.

ಭಾನುವಾರ ಬೆಳಿಗ್ಗೆ ವಿಪುಲ ಅತ್ತೆಯನ್ನು ಬಸದಿಗೆ ಕರೆದುಕೊಂಡು ಹೋದರು. ನಾನು ತರಗತಿಗೆ ಹೋಗದೆ ಬಾಗಿಲು ಹಾಕಿಕೊಂಡು ಕುಳಿತೆ.

ಏಳರಲ್ಲಿ ಐದನೆಯದು. ಅಂಥದ್ದನ್ನು ನಾನು ಹಿಂದೆ ತೆಗೆದಿರಲಿಲ್ಲ. ನೀರು ರೇಷ್ಮೆಯಂತೆ ನುಣುಪಾಗಿ ಬಂಡೆಗಳ ನಡುವೆ ಸರಿದಿತ್ತು. ಮೋಡದ ಕೆಂಪು ನೀರಿಗೆ ಇಳಿದು, ಅಲ್ಲಿಂದ ಅತ್ತೆಯ ಕೆನ್ನೆಗೆ ಏರಿತ್ತು. ಅವರು ತುತ್ತನ್ನು ಬಾಯಿಯ ಹತ್ತಿರ ತಂದು, ಹೊಳೆಯಲ್ಲಿ ಏನನ್ನೋ ಕಂಡವರಂತೆ ತಡೆದಿದ್ದರು. ಕ್ಯಾಮೆರಾದ ಕಣ್ಣು ಒಂದು ಸೆಕೆಂಡು ತೆರೆದಿತ್ತು, ಆ ಒಂದು ಸೆಕೆಂಡು ಅವರು ಅಲುಗಾಡಿರಲಿಲ್ಲ. ಬೆರಳುಗಳೂ ಸ್ಪಷ್ಟವಾಗಿದ್ದವು. ತಿದ್ದಲು ಏನೂ ಇರಲಿಲ್ಲ.

ಮೂಲೆಯಲ್ಲಿ ಸಮಯ ಇತ್ತು. ಅಡುಗೆಮನೆಗೆ ಹೋಗಿ ಗೋಡೆಯ ಪಂಚಾಂಗದಲ್ಲಿ ಶನಿವಾರದ ಸೂರ್ಯಾಸ್ತ ನೋಡಿದೆ. ಕ್ಯಾಮೆರಾದ ಗಡಿಯಾರ ಮುಂದಿರಬಹುದೆಂದು ಫೋನಿನ ಜೊತೆ ಹೋಲಿಸಿದೆ. ಮುಂದಿರಲಿಲ್ಲ. ಅತ್ತೆ ಮೊದಲ ತುತ್ತು ಎತ್ತುವಾಗಲೇ ಸೂರ್ಯ ಮುಳುಗಿ ಕಾಲು ತಾಸು ಕಳೆದಿತ್ತು.

ಪ್ರದರ್ಶನಕ್ಕೆ ಬಸದಿಯ ಬಳಗವೆಲ್ಲ ಬರುತ್ತದೆ. ಅತ್ತೆಯೇ ಎಲ್ಲರನ್ನೂ ಕರೆದಿದ್ದರು. ಚಿತ್ರದ ಕೆಳಗೆ ಸಮಯ, ಚಿತ್ರದೊಳಗೆ ಚಾತುರ್ಮಾಸದಲ್ಲಿ ತುತ್ತು ಹಿಡಿದ ಕಾಂತಾ.

ಈಗಿನ ತಂತ್ರಾಂಶಗಳಲ್ಲಿ ಮನುಷ್ಯರ ಮೇಲೆ ಕುಂಚ ಎಳೆದರೆ ಸಾಕು, ಹಿಂದಿನ ನೀರು ಕಲ್ಲು ತಾವೇ ಬಂದು ಕೂಡುತ್ತವೆ. ಎಳೆದು ನೋಡಿದೆ. ಅತ್ತೆ ಹೋದರು. ಬಂಡೆ ಮೇಲೆ ಪಾಚಿ ಬಂತು, ಬಹಳ ಚೆಂದದ ಪಾಚಿ. ತಕ್ಷಣ ಹಿಂದಕ್ಕೆ ತಂದೆ. ಮೂಲ ಫೈಲು ಕೊಡಬೇಕೆಂಬುದು ಒಂದು ಮಾತು. ಅದಿಲ್ಲದಿದ್ದರೂ, ಶುಕ್ರವಾರ ರಾತ್ರಿ ಬಿಟ್ಟು ಎದ್ದ ಕೆಲಸಕ್ಕೇ ಮತ್ತೆ ಕೈ ಹಾಕಿದಂತಾಗುತ್ತಿತ್ತು.

ಅತ್ತೆಗೆ ಹೇಳಿಬಿಡಬೇಕೆಂದು ಎರಡು ಸಲ ಮನಸ್ಸಿನಲ್ಲೇ ಮಾತು ಜೋಡಿಸಿದೆ. ನೇಮ ಅವರದು, ಅದು ಮುರಿದದ್ದು ಅವರಿಗೆ ಗೊತ್ತಿರಬೇಕಲ್ಲವೇ? ಗೊತ್ತಾದರೆ ಅವರು ಏನು ಮಾಡುತ್ತಾರೆಂಬುದೂ ನನಗೆ ಗೊತ್ತಿತ್ತು. ಮುನಿಗಳ ಮುಂದೆ ಹೋಗಿ ಪ್ರಾಯಶ್ಚಿತ್ತ ಕೇಳುತ್ತಾರೆ. ಮುನಿಗಳು ಕೊಟ್ಟದ್ದು ಒಂದು ಉಪವಾಸವಾದರೆ ಅತ್ತೆ ಮೂರು ಮಾಡುತ್ತಾರೆ. ಒಂದು ರಾತ್ರಿ ಹಸಿದದ್ದಕ್ಕೆ ಬಚ್ಚಲ ಬಾಗಿಲಲ್ಲಿ ಬಿದ್ದವರು. ಅವರು ನೇಮ ಮುರಿದಿರಲಿಲ್ಲ, ಕೇಳಿಯೇ ತುತ್ತು ಎತ್ತಿದ್ದರು. ನೋಡದೆ ಹೇಳಿದವಳು ನಾನು.

ಏಳನ್ನೂ ಅಳಿಸಿದೆ. ಲ್ಯಾಪ್‌ಟಾಪಿನಿಂದ, ಕಾರ್ಡಿನಿಂದ, ಅಳಿಸಿದ್ದು ಹೋಗಿ ಕೂರುವ ಬುಟ್ಟಿಯಿಂದ. ಐದನೆಯದಕ್ಕೆ ಬಂದಾಗ ಕೈ ನಿಂತಿತು. ಒಂದು ಸಲ ಪೂರ್ತಿ ಪರದೆಯಲ್ಲಿ ನೋಡಿದೆ, ಆಮೇಲೆ ಒತ್ತಿದೆ.

ಉಳಿದದ್ದು ಎರಡು. ಮೊದಲನೆಯದರಲ್ಲಿ ಸುಟ್ಟ ಸೂರ್ಯ. ಕೊನೆಯದರಲ್ಲಿ ಬಹುಪಾಲು ಕತ್ತಲು. ಕೊನೆಯದನ್ನು ತೆರೆದೆ. ಅಭ್ಯಾಸಬಲದಿಂದ ನೆರಳನ್ನೆಲ್ಲ ಮೇಲೆತ್ತಿದೆ. ಬಂಡೆಗಳು ಕಂಡವು, ಅವುಗಳ ಮೈತುಂಬ ಕಾಳುಕಾಳಾಗಿ ಕೊಳೆ ಕಂಡಿತು, ರಾತ್ರಿ ಹಗಲಿನ ವೇಷ ಹಾಕಿ ನಿಂತಂತಿತ್ತು. ಇಳಿಸಿದೆ. ಮತ್ತೆ ಸ್ವಲ್ಪ ಏರಿಸಿದೆ. ಹೀಗೆ ಬಹಳ ಹೊತ್ತು ಹೋಯಿತು. ಊರಿಗೆ ಬಿಸಿಲು ಏರಿತು, ಬೀದಿಯಲ್ಲಿ ತರಕಾರಿಯವನು ಕೂಗಿ ಹೋದ, ನಾನು ಏಳಲಿಲ್ಲ. ಇದನ್ನು ಇವತ್ತು ಮುಗಿಸಿಯೇ ಏಳಬೇಕು. ಕೊನೆಗೆ ನೆರಳನ್ನು ಇದ್ದಲ್ಲೇ ಬಿಟ್ಟೆ. ಗುಡ್ಡದ ಅಂಚಿನ ಗೆರೆಗೆ ಒಂದಿಷ್ಟು ಬೆಚ್ಚಗಿನ ಬಣ್ಣ, ಅದರದೇ ಒಂದು ಎಳೆ ನೀರಿನಲ್ಲಿ. ಬಂಡೆಗಳು ಕಪ್ಪಾಗಿಯೇ ಇರಲಿ, ಅವು ಆಗ ಕಪ್ಪಾಗಿಯೇ ಇದ್ದವು. ನೋಡುವವರು ಸ್ವಲ್ಪ ಹೊತ್ತು ನಿಂತರೆ ಕಣ್ಣು ಹೊಂದಿಕೊಂಡು ಆಚೆ ದಂಡೆ ಕಾಣುತ್ತದೆ. ನಿಲ್ಲದವರಿಗೆ ಕಾಣುವುದಿಲ್ಲ.

ಸೋಮವಾರ ಸ್ಟುಡಿಯೋದಲ್ಲಿ ಶಶಿಧರ ಸರ್ ಮೂರನ್ನೂ ಸಾಲಾಗಿ ತೆರೆದು ನೋಡಿದರು. ಬೆಳಗಿನದು, ಮಧ್ಯಾಹ್ನದದು ಬೇಗ ದಾಟಿದರು. ಮೂರನೆಯದರ ಮುಂದೆ ನಿಂತರು. ಆ ದಿನ ಟಿಳಕವಾಡಿಯಿಂದಲೂ ಆಕಾಶ ಕೆಂಪಾಗಿ ಕಂಡಿತ್ತು, ತಾವೇ ಮಾಳಿಗೆಯ ಮೇಲೆ ನಿಂತು ನೋಡಿದ್ದಾಗಿ ಹೇಳಿದರು.

"ಮೇಡಮ್, ನಡುವಿನ ಬೆಳಕು ಎಲ್ಲಿ ಹೋತು? ನೀವು ಅಲ್ಲೇ ಇದ್ರಲ್ಲ?"

"ಇದ್ದೆ ಸರ್. ಕೊಡೂದು ಇದೊಂದ."

ಇನ್ನೂ ಕೇಳುತ್ತಾರೆಂದು ಕಾದೆ. ಅವರು ಕನ್ನಡಕ ಹಣೆಗೇರಿಸಿ ಮತ್ತೆ ಪರದೆಗೆ ಬಾಗಿದರು. ತುಸು ಹೊತ್ತಿನ ಮೇಲೆ, ಆಚೆ ದಂಡೆಯ ಭತ್ತ ಈಗ ಕಂಡಿತು ಎಂದರು. ಮುಂದಿನ ಗೋಡೆಗೆ ಇದು ಆಗುವುದಿಲ್ಲ, ಒಳಗಿನ ಗೋಡೆಗೆ ಹಾಕುತ್ತೇನೆ, ಅಲ್ಲಿ ದೀಪ ಕಡಿಮೆ ಎಂದರು. ಮೂರನ್ನೂ ತಾನೇ ಎಂದು ಕೇಳಿದೆ. ಮೂರನ್ನೂ ಎಂದರು. ಮುಂದಿನ ಗೋಡೆ ಬರುವ ವರ್ಷಕ್ಕಿರಲಿ, ತರಗತಿಗೆ ಮತ್ತೆ ನನ್ನ ಹೆಸರು ಬರೆದುಕೊಳ್ಳಿ ಎಂದೆ.

ಮನೆಗೆ ಬಂದಾಗ ಅತ್ತೆ ಹಿತ್ತಲ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದರು. ಬಿಸಿಲು ಇನ್ನೂ ಚೆನ್ನಾಗಿತ್ತು. ಫೋಟೋ ಆಯಿತೇ ಎಂದು ಕೇಳಿದರು. ಆಯಿತು, ಮೂರೂ ಗೋಡೆಗೆ ಬರುತ್ತವೆ ಎಂದೆ. ಅವರ ಮುಖ ಅರಳಿತು. ಮೊರವನ್ನು ಬದಿಗಿಟ್ಟರು.

"ಖರೇ ಹೇಳು. ಅದರಾಗ ನಾ ಬಂದೀನೇನ?"

ನಾನು ಅವರ ಪಕ್ಕ ಕುಳಿತೆ. ಮೊರವನ್ನು ನನ್ನ ತೊಡೆಯ ಮೇಲೆ ಎಳೆದುಕೊಂಡೆ. ಸುಳ್ಳಲ್ಲದ ಮಾತಿಗಾಗಿ ಒಂದೆರಡು ಕಲ್ಲು ಆರಿಸುವಷ್ಟು ಹೊತ್ತು ಹುಡುಕಿದೆ.

"ಗ್ವಾಡಿಗಿ ಹಾಕಾಕ ಕೊಟ್ಟಿದ್ದರಾಗ ನೀವು ಇಲ್ರಿ ಅತ್ತಿ. ಬರೇ ಹೊಳಿ ಐತಿ."

"ಛಲೋ ಆತು ಬಿಡು. ಮುದುಕಿ ಬಂದ್ರ ಹೊಳಿ ಚಂದ ಕೆಡತಿತ್ತು" ಎಂದು ನಕ್ಕು, ಊಟಕ್ಕೆ ಏನು ಮಾಡಲಿ ಎಂದು ಕೇಳುತ್ತ ಒಳಗೆ ಹೋದರು.

ನಾನು ಅಕ್ಕಿಯ ಮುಂದೆ ಕುಳಿತೇ ಇದ್ದೆ. ವಿಪುಲರಿಗೆ ಹೇಳಿದರೆ ಅವರು ನಗೆಯಾಡುತ್ತ ಎಂದಾದರೂ ತಾಯಿಯ ಮುಂದೆ ಅಂದುಬಿಡುತ್ತಾರೆ. ಶಶಿಧರ ಸರ್‌ಗೆ ಹೇಳಿದರೆ ಅಳಿಸಿದ ಫೋಟೋದ ಬಗ್ಗೆ ಮಾತ್ರ ಮರುಗುತ್ತಾರೆ. ಅತ್ತೆಗೆ ಹೇಳಿದರೆ ನಾಳೆಯಿಂದ ಅವರ ತಟ್ಟೆ ಖಾಲಿ. ಮುಂದಿನ ಸಲ ಅತ್ತೆ ಉಂಡದ್ದನ್ನು ಎದುರು ಕುಳಿತು ನೋಡಿದ ಮೇಲೆಯೇ ಕ್ಯಾಮೆರಾ ಬಿಚ್ಚಬೇಕು ಎಂದು ಗಟ್ಟಿ ಮಾಡಿಕೊಂಡೆ. ಹೊಳೆಯ ಬಂಡೆಯ ಮೇಲೆ ನಡೆದದ್ದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ.